ಎರಡು ಚಮಚ ನೀರು

ಚಿಕ್ಕನರಗುಂದ
೬ ಮೇ ೨೦೨೫

ಅನ್ನವ್ವಾ,

ನೀನು ಆರಾಮ ಇದ್ದೀಯೆಂದು ತಿಳಿದಿದ್ದೇನೆ. ನಿನ್ನ ಕೋಣೆಯ ಜೊತೆಗಾತಿ, ಹುಬ್ಬಳ್ಳಿಯ ಶ್ವೇತಾ ಹೇಗಿದ್ದಾಳೆ? ಅವಳ ಹಲ್ಲುನೋವು ಹೋಯಿತೇ? ದಿಂಬಿನ ಚೀಲದಲ್ಲಿ ಬಿಸ್ಕೀಟು ಬಚ್ಚಿಡುವ ಹೆರ್ತಾ ಅಜ್ಜಿ ಆರಾಮೇ? ಸದಾ ಬೈಯುವ ಆ ದೊಡ್ಡ ನರ್ಸಬಾಯಿಯ ಮೊಣಕಾಲು ಹೇಗಿದೆ? ಕಣ್ಣಿಂದ ಕಾಣದವರನ್ನೂ ಹೆಸರು ಹಿಡಿದು ಕೇಳಿದರೆ ಅವರು ನಮ್ಮ ಓಣಿಯವರೇ ಅನ್ನಿಸುತ್ತದೆ. ಇಲ್ಲಿ ನಿನ್ನ ಅವ್ವ ನಿರ್ಮಲಾ, ಅಪ್ಪ ಹೊಳಿಯಪ್ಪ, ತಮ್ಮ ದುರ್ಗೇಶ ಎಲ್ಲರೂ ಚೆನ್ನಾಗಿದ್ದಾರೆ. ನನ್ನ ಕಿವಿಗಳು ಮಾತ್ರ ಪೂರಾ ಬಾಗಿಲು ಹಾಕಿಕೊಂಡವು. ಭಾನುವಾರ ನೀನು ಫೋನಿನಲ್ಲಿ ಕಂಡಾಗ ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಯಾಕೆ ನಕ್ಕೆನೆಂದು ನನಗೆ ಗೊತ್ತಿರುವುದಿಲ್ಲ. ಅದಕ್ಕೇ ನನಗೆ ಕಾಗದವೇ ಬೇಕು.

ನಿನ್ನ ಮೊದಲ ಕಾಗದ ಬರಲು ಇಪ್ಪತ್ತೆರಡು ದಿನ ಹಿಡಿಯಿತು. ಪೋಸ್ಟಿನ ಶಶಿಕಾಂತ ಅದನ್ನು ಬೆನ್ನ ಹಿಂದೆ ಹಿಡಿದು, "ದೊಡ್ಡವ್ವಾ, ಜರ್ಮನಿ ಮಾಲ ಐತಿ. ಚಾ ಕುಡಿಸಿದ್ರ ಕೊಡ್ತೇನಿ" ಎಂದು ಕೈಸನ್ನೆ ಮಾಡಿದ. ಕುಡಿಸಿದೆ. ನಿನ್ನ ಒಂದನೇ ಇಯತ್ತೆಯ ಪಾಟಿಯ ಮೇಲೆಯೇ ಅ ಆ ತಿದ್ದಿದವಳು ನಾನು. ಆಗ ನಿನಗೆ ಆರು ವರ್ಷ, ನನಗೆ ನಲವತ್ತೈದು. "ದೊಡ್ಡವ್ವಾ, ಮಾತಾಡಿದಂಗ ಬರೀಬಾರ್ದು, ಪುಸ್ತಕದಾಗ ಇದ್ದಂಗ ಬರೀಬೇಕು" ಎಂದು ಕಡ್ಡಿ ಹಿಡಿದು ಕಲಿಸಿದವಳು ನೀನೇ. ನೋಡು, ಬರೆಯುತ್ತಿದ್ದೇನೆ.

ಈಗ ನೀನು ಕೇಳಿದ ಮಾತಿಗೆ ಬರುತ್ತೇನೆ. ನಿಮ್ಮ ವೃದ್ಧಾಶ್ರಮದಲ್ಲಿ ಒಬ್ಬ ಮುದುಕ ತೀರಿಕೊಂಡನೆಂದೂ, ಆ ಹೊತ್ತಿಗೆ ಕೋಣೆಯಲ್ಲಿ ಯಾರೂ ಇರಲಿಲ್ಲವೆಂದೂ ಬರೆದಿದ್ದೀ. "ನೀನು ಇಷ್ಟು ಮಂದಿಯ ಹತ್ತಿರ ಕೂತವಳು, ಹೇಗೆ ಕೂಡಬೇಕು ಹೇಳು" ಎಂದು ಕೇಳಿದ್ದೀ. ಹೌದು, ಊರಲ್ಲಿ ಯಾರಿಗೆ ಕಡೆಯ ಉಸಿರು ಬಂದರೂ ನನ್ನನ್ನು ಕರೆಯುತ್ತಾರೆ. ದಿನಾಲೂ ಹೊಸ್ತಿಲಾಚೆ ನಿಲ್ಲಿಸುವವರು ಕೂಡ ಅವತ್ತು ಒಳಗೆ ಬಾ ಎನ್ನುತ್ತಾರೆ. ಪುಸ್ತಕದಲ್ಲಿದ್ದ ಹಾಗೆ ಹೇಳುತ್ತೇನೆ, ಕೇಳು. ಬಾಯಿ ಒಣಗಿಸಿಕೊಂಡು ಯಾರೂ ಈ ಲೋಕ ಬಿಡಬಾರದು. ಕೇಳಿದವರಿಗೆ ಇಲ್ಲ ಎನ್ನಬಾರದು. ಕೈ ಹಿಡಿದು, ಹೆಸರಿನಿಂದ ಕರೆದು, ಎರಡು ಚಮಚ ನೀರನ್ನು ಬಾಯಿಗೆ ಬಿಡಬೇಕು. ಅಷ್ಟಾದರೆ ಕೊಟ್ಟವರಿಗೂ ಶಾಂತಿ, ಕುಡಿದವರಿಗೂ ಶಾಂತಿ.

ಈ ನಾಲ್ಕು ಸಾಲನ್ನು ಮೂರು ಸಲ ಬರೆದು ಹರಿದೆ. ನಾಲ್ಕನೆಯ ಸಲಕ್ಕೆ ಚಂದ ಬಂದವು.

ನಿನ್ನ ದೊಡ್ಡವ್ವ
ಕರಿಯವ್ವ

೧ ಜೂನ್ ೨೦೨೫

ದೊಡ್ಡವ್ವಾ, ನಮಸ್ಕಾರ.

ಶ್ವೇತಾಳ ಹಲ್ಲು ಕಿತ್ತರು. ಈಗ ಎರಡೂ ಕಡೆಯಿಂದ ಅಗಿದು ನಾನು ತಂದ ಶೇಂಗಾ ಚಟ್ನಿಯನ್ನೆಲ್ಲ ಮುಗಿಸುತ್ತಿದ್ದಾಳೆ. ನರ್ಸಬಾಯಿಯ ಮೊಣಕಾಲನ್ನು ನೀನು ಕೇಳಿದ್ದೀಯೆಂದು ಹೇಳಿದೆ. "ಭಾರತದಲ್ಲಿ ನನ್ನ ಮೊಣಕಾಲಿನ ಸುದ್ದಿ ಯಾಕೆ?" ಎಂದು ಮೊದಲು ಸಿಟ್ಟಾದಳು. ಮಧ್ಯಾಹ್ನ ಒಂದು ಸೇಬುಹಣ್ಣು ತಂದುಕೊಟ್ಟು ಹೋದಳು.

ಇಲ್ಲೀಗ ಬೇಸಿಗೆ. ನಮ್ಮದರ ಹಾಗಲ್ಲ, ಊರಿಗೆ ಹಬ್ಬ ಬಂದಂತೆ ಮಾಡುತ್ತಾರೆ. ಊಟ ಮುಗಿದು ಒಂಬತ್ತೂವರೆಯಾದರೂ ಬೆಳಕು ಹೋಗುವುದಿಲ್ಲ. ಬಿಸಿಲು ಬಿತ್ತೆಂದರೆ ಅಂಗಿ ತೆಗೆದು ಹುಲ್ಲಿನ ಮೇಲೆ ಸಾಲಾಗಿ ಮಲಗುತ್ತಾರೆ, ಸಂಡಿಗೆ ಒಣಹಾಕಿದ ಹಾಗೆ. ಕೆಲಸ ಮುಗಿದ ಮೇಲೆ ನಾನು ನದಿಯ ದಂಡೆಯಲ್ಲಿ ನಡೆಯುತ್ತೇನೆ. ಮೊನ್ನೆ ಒಂದು ಗಿಡದ ಕೆಳಗೆ ಕೆಂಪು ಹಣ್ಣು ಬಿದ್ದಿದ್ದವು. ಯಾರದೋ ಏನೋ ಎಂದು ಹೆದರಿ ಹೆದರಿ ಒಂದು ತಿಂದೆ. ಒಬ್ಬ ಮುದುಕ ಬಂದು ಬುಟ್ಟಿಯನ್ನೇ ಕೊಟ್ಟ.

ಹೆರ್ತಾ ಅಜ್ಜಿ ನನ್ನನ್ನು 'ಅನ್ನಾ' ಎನ್ನುತ್ತಾಳೆ. ನನ್ನನ್ನು ಬಿಟ್ಟು ಬೇರೆಯವರು ತಲೆ ಬಾಚಿದರೆ ಒಪ್ಪುವುದಿಲ್ಲ. ಅವಳಿಗೆ ನುಂಗುವ ತೊಂದರೆ. ಬರೀ ನೀರು ಕೊಡಬಾರದು, ಪುಡಿ ಕಲಸಿ ಗಂಜಿಯಂತೆ ಮಾಡಿ ಕೊಡಬೇಕು ಎಂದು ಮಂಚದ ಮೇಲೆ ಹಳದಿ ಚೀಟಿ ಅಂಟಿಸಿದ್ದಾರೆ. ಆ ಗಂಜಿ ಕಂಡರೆ ಮಾರಿ ತಿರುವುತ್ತಾಳೆ.

ಒಂದು ಮಾತು ಮನೆಯಲ್ಲಿ ಹೇಳಿಲ್ಲ, ನಿನಗೆ ಹೇಳುತ್ತೇನೆ. ಸೆಪ್ಟೆಂಬರ್ ಮುಗಿಯುವ ತನಕ ನನ್ನನ್ನು ಪರೀಕ್ಷೆಯ ಮೇಲೆ ಇಟ್ಟುಕೊಂಡಿದ್ದಾರೆ. ಬೇಡವೆನ್ನಿಸಿದರೆ ಒಂದೇ ದಿನದಲ್ಲಿ ತೆಗೆಯಬಹುದು. ಅದನ್ನು ದಾಟಿದರೆ ಮೂರು ವರ್ಷ ಇಲ್ಲೇ ಕಲಿತು ನರ್ಸ್ ಆಗುತ್ತೇನೆ. ದಾಟಲೇಬೇಕು ದೊಡ್ಡವ್ವಾ. ಗುರುಸಂಗಪ್ಪನವರ ಹೊಲದಲ್ಲಿ ಉಳ್ಳಾಗಡ್ಡಿ ಕೀಳುವ ಸಾಲಿಗೆ ಮತ್ತೆ ಬಂದು ನಿಲ್ಲುವುದು ನನ್ನಿಂದಾಗದು.

ನಿನ್ನ ಕಾಗದವನ್ನು ಕೆಲಸದ ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡಿದ್ದೇನೆ. ಆ ನಾಲ್ಕು ಸಾಲು ಬಾಯಿಪಾಠ ಆಗಿವೆ.

ನಿನ್ನ
ಅನ್ನಪೂರ್ಣಾ

ಚಿಕ್ಕನರಗುಂದ
೨೪ ಜೂನ್ ೨೦೨೫

ಅನ್ನವ್ವಾ,

ನಾಳೆ ಮಣ್ಣೆತ್ತಿನ ಅಮಾವಾಸ್ಯೆ. ದುರ್ಗೇಶ ಎರೆಮಣ್ಣು ತಂದು ಎತ್ತು ಮಾಡಿದ್ದಾನೆ. ಒಂದು ಎತ್ತಿನ ಹಾಗಿದೆ, ಇನ್ನೊಂದು ನಿನ್ನ ಅಪ್ಪನ ಹಾಗಿದೆ.

ನಿನ್ನ ಕಾಗದವನ್ನು ಕಟ್ಟೆಯ ಮೇಲೆ ಎಲ್ಲರಿಗೂ ಓದಿ ತೋರಿಸಿದೆ. ಪರೀಕ್ಷೆಯ ಸಾಲನ್ನು ಹಾರಿಸಿ ಓದಿದೆ, ಹೆದರಬೇಡ. ಸಂಡಿಗೆಯ ಮಾತು ಬಂದಾಗ ನಮ್ಮ ಓಣಿಯ ಮೈಲಾರಪ್ಪ ತನ್ನ ಕರಿ ಬೆನ್ನು ತೋರಿಸಿ, "ಅವ್ರು ಸಂಡಿಗಿ ಆದ್ರ ನಾವೇನ ಕರಿದ ಹಪ್ಪಳೇನ ಕರಿಯವ್ವಾ?" ಎಂದನಂತೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಜಂಗ್ಲಿಸಾಬನ ಮಗಳು ಸಿಮ್ರಾನ ಅದನ್ನು ಪಾಟಿಯ ಮೇಲೆ ಬರೆದು ತೋರಿಸಿದ ಮೇಲೆ ನಾನು ಒಬ್ಬಳೇ ನಕ್ಕೆ. ಅವಳು ಗದಗಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ನಿನ್ನ ಹಿಂದೆಯೇ ಬರುತ್ತೇನೆಂದು ಫೋನಿನಲ್ಲಿ ಜರ್ಮನ್ ಕಲಿಯುತ್ತಿದ್ದಾಳೆ. ಜಂಗ್ಲಿಸಾಬ ನನಗೆ ಕೈ ಮುಗಿದು, "ಅಕ್ಕಾ, ನಿಮ್ಮ ಹುಡುಗಿ ಹೋದ ದಾರಿ ನಮ್ಮ ಹುಡುಗಿಗೂ ಆಗ್ಲಿ" ಎಂದ. ಅದನ್ನು ತುಟಿ ನೋಡಿಯೇ ತಿಳಿದುಕೊಂಡೆ.

ನೀನು ದಾಟುತ್ತೀ. ನರ್ಸಬಾಯಿಯಿಂದ ಸೇಬುಹಣ್ಣು ಗಿಟ್ಟಿಸಿದವಳು ದಾಟದೆ ಇರುತ್ತಾಳೆಯೇ? ಆದರೆ ಹೆರ್ತಾ ಅಜ್ಜಿಯದು ಕೇಳಿ ಮರುಕವಾಯಿತು. ಬಾಯಾರಿದವಳಿಗೆ ಗಂಜಿಯೇ? ಪಾಪ. ನನ್ನ ಹೆಸರು ಹೇಳಿ ಅವಳ ತಲೆಯನ್ನು ಒಂದು ಸಲ ಬಾಚು.

ನಿನ್ನ ದೊಡ್ಡವ್ವ

೨೦ ಜುಲೈ ೨೦೨೫

ದೊಡ್ಡವ್ವಾ, ನಮಸ್ಕಾರ.

ಈ ತಿಂಗಳು ಬಹಳ ತಿರುಗಿದೆ. ತಿಂಗಳ ಪಾಸೊಂದಿದೆ, ಬೇಕಾದ ರೈಲು ಹತ್ತಬಹುದು. ಬೆಳಿಗ್ಗೆ ಹತ್ತಿ ಸಂಜೆ ಇಳಿಯುತ್ತೇನೆ. ಒಂದು ದಿನ ಒಂದು ಕೋಟೆಗೆ ಹೋದೆ. ಗಜೇಂದ್ರಗಡದ ಗುಡ್ಡ ಹತ್ತಿದಷ್ಟೇ ಮೆಟ್ಟಿಲು. ಮೇಲೆ ಚಹಾದ ಅಂಗಡಿ, ಕೂಡಲು ಬೆಂಚು. ಮೂರು ತಾಸು ಕೂತಿದ್ದೆ. ಇನ್ನೊಂದು ದಿನ ಸಮುದ್ರ ನೋಡಿದೆ. ಬೂದಿಬಣ್ಣ ಇದೆ. ಕಾಲಿಟ್ಟರೆ ಬೇಸಿಗೆಯಲ್ಲೂ ಕೊರೆಯುತ್ತದೆ. ನಿನ್ನೆ ಹೆಸರು ಗೊತ್ತಿಲ್ಲದ ಸ್ಟೇಷನ್ನಿನಲ್ಲಿ ಇಳಿದು ನಡೆದೆ. ಸೂರ್ಯಕಾಂತಿಯ ಹೊಲ ಸಿಕ್ಕಿತು. ರೋಣದ ದಾರಿಯಲ್ಲಿ ಇರುವಂಥದ್ದೇ. ಎಲ್ಲ ಹೂವೂ ಒಂದೇ ಕಡೆ ನೋಡುತ್ತಿದ್ದವು. ನಾನು ಅವುಗಳ ಬೆನ್ನ ಕಡೆ ನಿಂತಿದ್ದೆ.

ಕೆಲಸ ಚಲೋ ಇದೆ.

ದೊಡ್ಡವ್ವಾ, ನೀನು ನೀರು ಬಿಟ್ಟಾಗ ಯಾರಾದರೂ ಕೆಮ್ಮಿದ್ದುಂಟೇ? ಸುಮ್ಮನೆ ಕೇಳಿದೆ.

ಅನ್ನಪೂರ್ಣಾ

ಚಿಕ್ಕನರಗುಂದ
೧೨ ಆಗಸ್ಟ್ ೨೦೨೫

ಅನ್ನವ್ವಾ,

ಕೋಟೆ, ಸಮುದ್ರ, ಸೂರ್ಯಕಾಂತಿ! ನಾನು ನಮ್ಮ ತಾಲೂಕಿನ ಆಚೆ ಕಂಡದ್ದು ಸವದತ್ತಿ ಒಂದೇ. ನಿನ್ನ ಕಾಲಿಗೆ ಚಕ್ರ ಬಂದಿದೆ, ನನಗೆ ಹೊಟ್ಟೆಯೊಳಗೆ ತಂಪಾಗಿದೆ. ಇಷ್ಟೊಂದು ಸೂಟಿ ಕೊಡುವ ಯಜಮಾನರು ಎಲ್ಲಿ ಸಿಗುತ್ತಾರೆ? ಇಲ್ಲಿ ಹೊಲದಲ್ಲಿ ಹೆಸರುಕಾಯಿ ಬಿಡಿಸುವ ಕೆಲಸ ಶುರುವಾಗಿದೆ, ನಮಗೆ ಚಹಾಕ್ಕೂ ಸೂಟಿಯಿಲ್ಲ.

ಈ ಸಲವೂ ಓದಿ ತೋರಿಸಿದೆ. ಎಲ್ಲರೂ ಖುಷಿಪಟ್ಟರು. ಸಿಮ್ರಾನ ಒಬ್ಬಳು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ಪಾಟಿಯ ಮೇಲೆ ಬರೆದಳು: "ದೊಡ್ಡವ್ವಾ, ಅಕ್ಕ ಹೆರ್ತಾ ಅಜ್ಜೀದು ಒಂದ ಮಾತೂ ಬರದಿಲ್ಲಲ್ಲ?" ನಾನು ಅವಳ ಕೈಯಿಂದ ಕಾಗದ ಕಸಿದುಕೊಂಡು, "ಸಮುದ್ರ ನೋಡಿದಾಕಿಗೆ ಮುದಿಕೇರು ಎಲ್ಲಿ ನೆನಪಾಗ್ತಾರ?" ಎಂದೆ. ಆದರೂ ಕೇಳುತ್ತೇನೆ, ಅಜ್ಜಿ ಹೇಗಿದ್ದಾಳೆ?

ಕೆಮ್ಮಿದ್ದುಂಟೇ ಎಂದಿದ್ದೀ. ನಾನು ನೀರು ಕುಡಿಸಿದರೆ ತಾನೆ ಕೆಮ್ಮುವುದು! ಪಂಚಮಿಯ ಮರುದಿನ ಮೈಲಾರಪ್ಪನ ಅವ್ವ ಮುದುಕವ್ವ ಹೋದಳು. ನಾನೇ ಹತ್ತಿರ ಕೂತಿದ್ದೆ. ನೀರು ನೀರು ಎಂದು ತುಟಿ ಆಡಿಸಿದಳು. ಮೈಲಾರಪ್ಪ ತಂಬಿಗೆಯನ್ನೇ ಎತ್ತಿಕೊಂಡು ಬಂದ. "ಏ ಮೂಳಾ, ಗಂಟಲಾ ಬಿಗದೈತಿ. ಸುರದ್ರ ಉಸರಿನ ದಾರೀಗೆ ಇಳೀತೈತಿ. ಅರಬಿ ತಾ" ಎಂದು ಬೈದೆ. ತೊಯಿಸಿ ಹಿಂಡಿದ ಅರಿವೆಯ ತುದಿಯನ್ನು ತುಟಿಗೆ ಮುಟ್ಟಿಸಿದೆ. ಕೂಸು ಚೀಪಿದಂತೆ ಚೀಪಿ ಸುಮ್ಮನಾದಳು. ಚಮಚ ಗಿಮಚ ಎಲ್ಲ ಬಾಯಿಮಾತು. ಇಷ್ಟು ವರ್ಷದಲ್ಲಿ ನಾನು ಒಬ್ಬರ ಬಾಯಿಗೂ ಚಮಚ ಹಿಡಿದವಳಲ್ಲ.

ಮುಂದಿನ ರೈಲು ಎಲ್ಲಿಗೆ, ಬರೆದು ತಿಳಿಸು.

ನಿನ್ನ ದೊಡ್ಡವ್ವ

೨ ಸೆಪ್ಟೆಂಬರ್ ೨೦೨೫

ದೊಡ್ಡವ್ವಾ,

ಇದನ್ನು ಕಟ್ಟೆಯ ಮೇಲೆ ಓದಬೇಡ. ಅವ್ವನಿಗೂ ಹೇಳಬೇಡ.

ಜುಲೈ ಎರಡರಂದು ಇಲ್ಲಿ ನಮ್ಮ ಊರಿನಂಥ ಬಿಸಿಲು ಬಿತ್ತು. ಇಲ್ಲಿಯ ಕೋಣೆಗಳಿಗೆ ಫ್ಯಾನು ಇರುವುದಿಲ್ಲ. ಮಧ್ಯಾಹ್ನ ಹೆರ್ತಾ ಅಜ್ಜಿ ನೀರು ಕೇಳಿದಳು. ಗಂಜಿ ಕೊಟ್ಟೆ, ಉಗುಳಿದಳು. ಮತ್ತೆ ಕೇಳಿದಳು. ತುಟಿ ಒಣಗಿ ಸೀಳಿತ್ತು, ಕಣ್ಣು ಮೇಲೆ ಸಿಕ್ಕಿಸಿಕೊಂಡಿದ್ದಳು, ನನ್ನ ಮಣಿಕಟ್ಟು ಹಿಡಿದು ಬಿಡಲಿಲ್ಲ. ಹೋಗುತ್ತಿದ್ದಾಳೆ ಎಂದುಕೊಂಡೆ. ಗಂಟೆ ಒತ್ತಿ ಯಾರನ್ನಾದರೂ ಕರೆಯಬೇಕಿತ್ತು. ಅವರು ಬಂದರೆ ಬೇಡವೆನ್ನುತ್ತಾರೆ, ಅವಳು ಒಣ ಬಾಯಲ್ಲೇ ಹೋಗುತ್ತಾಳೆ ಎಂದು ಕರೆಯಲಿಲ್ಲ. ಕೈ ಹಿಡಿದೆ, ಹೆಸರಿನಿಂದ ಕರೆದೆ, ಎರಡು ಚಮಚ ನೀರು ಬಿಟ್ಟೆ. ಮೊದಲನೆಯದಕ್ಕೆ ನಕ್ಕಳು.

ಅವಳು ಸಾಯುತ್ತಿರಲಿಲ್ಲ ದೊಡ್ಡವ್ವಾ. ಅವಳಿಗೆ ಸೆಕೆಯಾಗಿತ್ತು, ಅಷ್ಟೇ.

ನೀರು ಪುಪ್ಪುಸಕ್ಕೆ ಇಳಿಯಿತು, ಜ್ವರ ಏರಿತು. ಹತ್ತು ದಿನ ದವಾಖಾನೆಯಲ್ಲಿದ್ದು ತೀರಿಕೊಂಡಳು. ನಾನು ಏನನ್ನೂ ಮುಚ್ಚಿಡಲಿಲ್ಲ. ಅವಳ ಮಗಳು ನನ್ನನ್ನು ಒಂದೇ ಮಾತು ಕೇಳಿದಳು, ಯಾಕೆ ಎಂದು. ಅದಕ್ಕೆ ಬೇಕಾದ ಜರ್ಮನ್ ನನಗೆ ಬಂದಿರಲಿಲ್ಲ. ಕನ್ನಡದಲ್ಲಿ ಕೇಳಿದ್ದರೂ ಬರುತ್ತಿರಲಿಲ್ಲ. ಮರುದಿನ ನನ್ನನ್ನು ತೆಗೆದರು. ನರ್ಸಬಾಯಿ ಅವತ್ತು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

ನಾನು ತಿರುಗಿದ್ದು ಸೂಟಿಯಲ್ಲಲ್ಲ. ಕೋಣೆಯಲ್ಲಿದ್ದರೆ ಶ್ವೇತಾ ಕೆಲಸದ ಅಂಗಿ ತೊಟ್ಟು ಹೊರಡುವುದನ್ನು ನೋಡಬೇಕಾಗುತ್ತಿತ್ತು. ಬೇರೆ ಹನ್ನೊಂದು ಆಶ್ರಮಗಳಿಗೆ ಅರ್ಜಿ ಹಾಕಿದೆ. ಮೊದಲಿನ ಜಾಗ ಯಾಕೆ ಬಿಟ್ಟೆ ಎಂದು ಎಲ್ಲರೂ ಕೇಳುತ್ತಾರೆ, ನಾನು ಹೇಳುತ್ತೇನೆ, ಮತ್ತೆ ಅವರು ಬರೆಯುವುದಿಲ್ಲ. ಡಿಸೆಂಬರ್ ಒಳಗೆ ಜಾಗ ಸಿಗದಿದ್ದರೆ ದೇಶ ಬಿಡಬೇಕು. ಈ ಕೋಣೆ ಆಶ್ರಮದವರದು, ಶ್ವೇತಾಳ ದಯೆಯಿಂದ ಈ ತಿಂಗಳ ಕೊನೆಯ ತನಕ ಇದ್ದೇನೆ. ಆಮೇಲೆ ಎಲ್ಲಿ, ಗೊತ್ತಿಲ್ಲ.

ನಿನ್ನ ತಪ್ಪಿಲ್ಲ. ಹಳದಿ ಚೀಟಿ ನಾನು ಓದಿದ್ದೆ. ಆದರೆ ಅರಿವೆಯ ಮಾತು ನಿನ್ನೆ ಓದಿದೆ. ಓದಿದ ಮೇಲೆ ಏನು ಮಾಡಬೇಕೋ ತಿಳಿಯದೆ ಮಾಡಿದ ಅಡಿಗೆಯನ್ನೇ ಮತ್ತೊಮ್ಮೆ ಮಾಡಿದೆ.

ಅನ್ನಪೂರ್ಣಾ

ಚಿಕ್ಕನರಗುಂದ
೨೪ ಸೆಪ್ಟೆಂಬರ್ ೨೦೨೫

ನನ್ನ ಮಗಳೇ,

ನಿನ್ನ ಕಾಗದವನ್ನು ಹೊಲದ ಬದುವಿನಲ್ಲಿ ಕೂತು ಓದಿದೆ. ಎದ್ದು ಮತ್ತೆ ಸಾಲು ಹಿಡಿದು ಕೆಲಸ ಮಾಡಿದೆ. ಕೈಗೆ ಬೇರೆ ಏನೂ ಗೊತ್ತಿರಲಿಲ್ಲ.

ತಪ್ಪಿಲ್ಲವೆಂದು ಬರೆದಿದ್ದೀ. ಇದೆ. ನನ್ನ ಕೈಗೆ ಅರಿವೆ ಗೊತ್ತಿತ್ತು. ಬರೆಯಲು ಕೂತಾಗ ಹರಕು ಅರಿವೆ ಎಂದು ಬರೆಯಲು ನಾಚಿಕೆಯಾಯಿತು. ಪರದೇಶಕ್ಕೆ ಹೋಗುವ ಕಾಗದ, ದೊಡ್ಡವರ ಮನೆಯಲ್ಲಿ ಬೆಳ್ಳಿಯ ಚಮಚ ಹಿಡಿಯುವುದನ್ನು ಕಂಡಿದ್ದೆ, ಅದನ್ನೇ ಬರೆದೆ. ಅವರ ಮನೆಯಲ್ಲಿಯೂ ಅವರು ಚಮಚ ಹಿಡಿಯುವ ಮೊದಲು ಗಂಟಲು ಮುಟ್ಟಿ ನೋಡಿ, ಹೂಂ ಅಥವಾ ಬ್ಯಾಡ ಎನ್ನುವವಳು ನಾನೇ. ಅದನ್ನು ಬರೆಯಲಿಲ್ಲ. ನೀನು ಹಳದಿ ಚೀಟಿಯ ಮಾತು ಬರೆದಾಗಲಾದರೂ ನನಗೆ ಹೊಳೆಯಬೇಕಿತ್ತು. ನಾನು ಪಾಪ ಎಂದು ಬರೆದೆ.

ಮೊನ್ನೆ ಗುರುಸಂಗಪ್ಪನವರ ಮನೆಯಿಂದ ಕರೆ ಬಂತು. ಅವರ ಹಿರಿಯಣ್ಣನಿಗೆ ಉಸಿರು ಹತ್ತಿತ್ತು. ಗುರುಸಂಗಪ್ಪನವರೇ ಅಂಗಳಕ್ಕೆ ಬಂದು ನಿಂತರು. ನಿನ್ನ ಅವ್ವ ನನ್ನ ರಟ್ಟೆ ಹಿಡಿದು ಜಗ್ಗಿದಳು, "ಏಳಬೇ ಅಕ್ಕಾ, ಸಾವಕಾರ್ರು ತಾವಾ ಬಂದಾರ" ಎಂದು. ನಾನು ಕೇಳದವಳ ಹಾಗೆ ಜೋಳ ಹಸನು ಮಾಡುತ್ತ ಕೂತೆ. ಕಿವುಡಿಯಾದದ್ದು ಅವತ್ತು ಉಪಯೋಗಕ್ಕೆ ಬಂತು. ಇನ್ನು ನಾನು ಯಾರ ಹತ್ತಿರವೂ ಕೂಡುವುದಿಲ್ಲ.

ಬಾ ಎನ್ನಲೇ? ಬಂದು ಏನು ಮಾಡಲಿ ಎಂದು ನೀನು ಕೇಳುತ್ತೀ. ಉಳ್ಳಾಗಡ್ಡಿಯ ಸಾಲು ಅಲ್ಲೇ ಇದೆ. ಅಲ್ಲೇ ಇರು ಎನ್ನಲೇ? ಎಲ್ಲಿ? ಬರೆದು ತಿದ್ದುವಂಥದ್ದಾಗಿದ್ದರೆ ನೂರು ಹಾಳೆ ಬರೆಯುತ್ತಿದ್ದೆ.

ನಿನ್ನ ದೊಡ್ಡವ್ವ

ಚಿಕ್ಕನರಗುಂದ
೧೨ ನವೆಂಬರ್ ೨೦೨೫

ಅನ್ನವ್ವಾ,

ಹಿಂದಿನ ಕಾಗದ ಮರಳಿ ಬಂತು. ಮೇಲೆ ಅಲ್ಲಿಯವರ ಚೀಟಿ ಅಂಟಿಸಿದ್ದಾರೆ. ಶಶಿಕಾಂತ ಈ ಸಲ ಚಹಾ ಕೇಳಲಿಲ್ಲ, ಕೈಗಿಟ್ಟು ಹೋದ.

ಅದಕ್ಕೇ ಆ ಕಾಗದವನ್ನೂ ಇದನ್ನೂ ಸಿಮ್ರಾನಳಿಗೆ ಕೊಡುತ್ತಿದ್ದೇನೆ, ಫೋಟೋ ತೆಗೆದು ನಿನ್ನ ಫೋನಿಗೆ ಕಳಿಸಲು. ಓದಬೇಡ ಎಂದಿದ್ದೇನೆ. ಓದುತ್ತಾಳೆ. ಓದಲಿ. ಅವಳು ಅಲ್ಲಿಗೆ ಬರುವವಳು, ಅವಳಿಗಾದರೂ ಅರಿವೆಯ ಮಾತು ಸರಿಯಾಗಿ ತಿಳಿಯಲಿ.

ನೀನು ಫೋನಿನಲ್ಲಿ ಕಂಡು ಮೂರು ಭಾನುವಾರ ಆದವು. ಕಡೆಯ ಸಲ ನಿನ್ನ ಬೆನ್ನ ಹಿಂದೆ ಕೋಣೆಯ ಗೋಡೆ ಇರಲಿಲ್ಲ, ಜನ ಚೀಲ ಹಿಡಿದು ಓಡಾಡುತ್ತಿದ್ದರು. ನಿನ್ನ ಅವ್ವ ಅದನ್ನು ಆಸ್ಪತ್ರೆ ಎಂದುಕೊಂಡಳು. ನಾನು ಹೂಂ ಎಂದೆ. "ಭಾಳ ಡ್ಯೂಟಿ ಇರ್ಬೇಕು ನನ್ನ ಮಗಳಿಗೆ" ಎಂದು ಓಣಿಯಲ್ಲೆಲ್ಲ ಹೇಳುತ್ತಿದ್ದಾಳೆ. ಅವಳಿಗೆ ಹೇಳಲು ನಾಲ್ಕು ಸಲ ಬಾಯಿ ತೆರೆದೆ. ನಾಲ್ಕು ಸಲವೂ ಉಪ್ಪು ಕೇಳಿ ಬಂದೆ.

ದೀಪಾವಳಿ ಆಯಿತು. ಚಳಿ ಶುರುವಾಗಿದೆ. ಅಲ್ಲಿ ಹೆಚ್ಚು ಎಂದು ಸಿಮ್ರಾನ ಬರೆದು ತೋರಿಸಿದಳು. ನೀನು ಬೇಸಿಗೆಯ ಅರಿವೆಗಳನ್ನಷ್ಟೇ ಒಯ್ದಿದ್ದೀ. ಕೌದಿ ಹೊಲಿದಿಟ್ಟಿದ್ದೇನೆ. ಯಾವ ಊರಿಗೆ ಕಳಿಸಬೇಕೆಂದು ಗೊತ್ತಿಲ್ಲ.

ಎಲ್ಲಿದ್ದೀಯೆಂದು ಬರಿ. ಪುಸ್ತಕದ ಹಾಗೆ ಬರೆಯುವುದು ಬೇಡ. ನನ್ನ ಮೇಲೆ ನಿನಗೆ ಸಿಟ್ಟು ಇಲ್ಲದೆ ಇರಲಾರದು, ಒಂದು ಸಾಲಿನಲ್ಲೂ ನೀನು ಅದನ್ನು ತೋರಿಸಿಲ್ಲ. ಬರೆಯಲು ಬೇರೇನೂ ಇಲ್ಲದಿದ್ದರೆ ನನ್ನನ್ನು ಬೈದು ಬರಿ. ಲಗೂ ಬರಿ.

ನಿನ್ನ ದೊಡ್ಡವ್ವ
ಕರಿಯವ್ವ